ಮನೆಯನ್ನಲ್ಲ, ಮಗುವನ್ನು ಎಣಿಸಿದ ಅಧ್ಯಯನ

ಬಡ ಕುಟುಂಬಗಳ ಅಧ್ಯಯನದಲ್ಲಿ ಮನೆಯನ್ನೇ ಘಟಕವಾಗಿ ಹಿಡಿದು ಆದಾಯ, ಖರ್ಚು, ದೊರೆತ ಸೌಲಭ್ಯಗಳನ್ನು ಬರೆದುಕೊಳ್ಳುವುದು ರೂಢಿ. ಯಾದಗಿರಿ, ರಾಯಚೂರು ಜಿಲ್ಲೆಗಳಿಂದ ಬೆಂಗಳೂರಿಗೆ ಗುಳೆ ಬರುವ ಕಟ್ಟಡ ಕಾರ್ಮಿಕರ ಮಕ್ಕಳ ಬಗ್ಗೆ ಕೆಲಸ ಆರಂಭಿಸಿದಾಗ ನಾನು ಆ ರೂಢಿಯನ್ನು ಬಿಟ್ಟೆ. ಈ ಕುಟುಂಬಗಳಲ್ಲಿ ಪಡಿತರ ಚೀಟಿ ಊರಲ್ಲಿರುತ್ತದೆ, ತಂದೆತಾಯಿ ತಗಡಿನ ಶೆಡ್ಡಿನಲ್ಲಿರುತ್ತಾರೆ, ಎದೆಹಾಲಿನ ಕೂಸು ಅವರ ಜೊತೆಗಿದ್ದರೆ ಶಾಲೆಗೆ ಹೋಗುವ ಮಗು ಅಜ್ಜಿಯ ಹತ್ತಿರ ಉಳಿದಿರುತ್ತದೆ. ಒಂದು ಮನೆ ಎಂದು ಬರೆದುಕೊಂಡ ಕೂಡಲೇ ಇವರೆಲ್ಲ ಒಂದೇ ಒಲೆಯ ಅಡುಗೆ ಉಣ್ಣುತ್ತಾರೆಂದು ಲೆಕ್ಕವಾಗಿಬಿಡುತ್ತದೆ.

ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ಶೇ. 35.4ರಷ್ಟು ಮಂದಿ ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿಲ್ಲ ಎಂಬುದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿ. ವರ್ಷದ ಯಾವ ಭಾಗದಲ್ಲಿ, ಎಲ್ಲಿದ್ದಾಗ ಮಗುವಿನ ಊಟ ಕಡಿಮೆಯಾಗುತ್ತದೆ ಎಂಬುದು ಅದರಿಂದ ತಿಳಿಯುವುದಿಲ್ಲ. ಅದಕ್ಕಾಗಿ ಪ್ರತಿ ಮಗುವಿಗೂ ಒಂದು ವರ್ಷಪಟ್ಟಿ ಮಾಡಿಕೊಂಡೆ. ತಿಂಗಳುಗಳ ಹೆಸರು ಹೇಳಿ ಕೇಳಿದರೆ ಉತ್ತರ ಅಂದಾಜಿನದಾಗುತ್ತಿತ್ತು. ಕಾರ ಹುಣ್ಣಿಮೆಗೆ ಮಗು ಎಲ್ಲಿತ್ತು, ಎಳ್ಳಮಾವಾಸ್ಯೆಗೆ ಯಾರ ಹತ್ತಿರ ಇತ್ತು ಎಂದು ಕೇಳಿದರೆ ತಾಯಂದಿರು ತಡವರಿಸದೆ ಹೇಳುತ್ತಿದ್ದರು. ಅಂಗನವಾಡಿಯ ಆಹಾರ ಸಿಗುತ್ತದೆಯೇ ಎಂಬ ನೇರ ಪ್ರಶ್ನೆಯನ್ನೂ ಕೈಬಿಟ್ಟೆ, ಏಕೆಂದರೆ ಕೇಳುವವರು ಸರ್ಕಾರದ ಕಡೆಯವರೆಂದು ಭಾವಿಸಿ ಹೆಚ್ಚಿನವರು ‘ಸಿಗತೈತ್ರಿ ಅಕ್ಕಾರ’ ಎಂದು ಮಾತು ಮುಗಿಸುತ್ತಿದ್ದರು. ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ಮಗು ಏನೇನು ತಿಂದಿತು, ಕೊಟ್ಟವರು ಯಾರು ಎಂಬಲ್ಲಿಂದ ಹೊರಟರೆ ಅಂಗನವಾಡಿ ಇದೆಯೋ ಇಲ್ಲವೋ ತಾನಾಗಿ ಗೊತ್ತಾಗುತ್ತದೆ. ಗಂಡಸರು ಪಕ್ಕದಲ್ಲಿದ್ದರೆ ಉತ್ತರವನ್ನೆಲ್ಲ ಅವರೇ ಕೊಡುತ್ತಾರೆ. ಹಾಗಾಗಿ ಹೆಂಗಸರು ರೊಟ್ಟಿ ಬಡಿಯುವ ಹೊತ್ತಿಗೆ ಹೋಗಿ ಒಲೆಯ ಹತ್ತಿರವೇ ಕೂರುತ್ತಿದ್ದೆ.

ಗೃಹಲಕ್ಷ್ಮಿಯ ವಿಷಯದಲ್ಲಿ ಈ ಕ್ರಮ ಹೆಚ್ಚು ಉಪಯೋಗಕ್ಕೆ ಬಂತು. 2023ರಲ್ಲಿ ಜಾರಿಗೆ ಬಂದ ಈ ಯೋಜನೆಯ ತಿಂಗಳ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೆ ಸೇರುತ್ತದೆ, ಮತ್ತು ಅವಿಭಕ್ತ ಕುಟುಂಬದ ಚೀಟಿಯಲ್ಲಿ ಯಜಮಾನಿಯೆಂದರೆ ಬಹುಮಟ್ಟಿಗೆ ಅತ್ತೆ. ಮನೆಯನ್ನು ಎಣಿಸಿದರೆ ಹಣ ತಲುಪಿದೆ. ಕೂಸನ್ನು ಎಣಿಸಿದರೆ, ಶೆಡ್ಡಿನಲ್ಲಿರುವ ಸೊಸೆಯ ಕೈಗೆ ಅದು ಬಂದಿಲ್ಲ. ಹಾಗೆಂದು ಇದನ್ನು ಸೋರಿಕೆ ಎನ್ನಲು ನಾನು ಸಿದ್ಧಳಿರಲಿಲ್ಲ. ಅದೇ ಹಣದಿಂದ ಊರಲ್ಲಿ ಅಜ್ಜಿ ದೊಡ್ಡ ಮಗುವಿನ ನೋಟುಪುಸ್ತಕ, ಎಣ್ಣೆ, ಬೇಳೆ ತರುತ್ತಿದ್ದಳು. ಒಂದೇ ಮನೆಯ ಇಬ್ಬರು ಮಕ್ಕಳಲ್ಲಿ ಒಬ್ಬರಿಗೆ ಅನುಕೂಲವಾಗಿದೆ, ಇನ್ನೊಬ್ಬರಿಗೆ ಆಗಿಲ್ಲ ಎಂದೇ ವರದಿಯಲ್ಲಿ ಬರೆದೆ.

ಶೆಡ್ಡಿನ ಕೂಸುಗಳ ಮಟ್ಟಿಗೆ ಉಳಿದದ್ದು ಶಿಶುಪಾಲನಾ ಕೇಂದ್ರದ ಪ್ರಶ್ನೆ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಐವತ್ತಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವಲ್ಲಿ ಮಕ್ಕಳಿಗೆ ಕೋಣೆ ಇರಬೇಕೆಂದಿತ್ತು. ನಾನು ನೋಡಿದ ಕಡೆಗಳಲ್ಲಿ ಹೆಂಗಸರು ಹಲವು ಮೇಸ್ತ್ರಿಗಳ ಪಟ್ಟಿಗಳಲ್ಲಿ ಹಂಚಿಹೋಗಿದ್ದರಿಂದ ಯಾವ ಪಟ್ಟಿಯೂ ಆ ಸಂಖ್ಯೆಯನ್ನು ಮುಟ್ಟುತ್ತಿರಲಿಲ್ಲ. 2005ರ ಉದ್ಯೋಗ ಖಾತ್ರಿ ಕಾಯ್ದೆಯಾದರೋ ಮಕ್ಕಳನ್ನೇ ಎಣಿಸಿತ್ತು: ಕೆಲಸದ ಸ್ಥಳದಲ್ಲಿ ಐವರು ಪುಟ್ಟ ಮಕ್ಕಳಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬಾಕೆಯನ್ನು ಕೂಲಿ ಸಹಿತ ನೇಮಿಸಬೇಕಿತ್ತು. ನಗರದ ಕಟ್ಟಡ ಕೆಲಸಕ್ಕೂ ಇದೇ ಎಣಿಕೆ ಬರಲಿ, ಯಾವ ಮೇಸ್ತ್ರಿಯ ಕಡೆಯವರೆಂದು ನೋಡದೆ ಇಡೀ ನಿವೇಶನದ ಮಕ್ಕಳನ್ನು ಒಟ್ಟಿಗೆ ಲೆಕ್ಕ ಹಿಡಿಯಲಿ ಎಂಬುದು ನನ್ನ ವರದಿಯ ಮೊದಲ ಶಿಫಾರಸು. ಹತ್ತಿರದ ಅಂಗನವಾಡಿಯಲ್ಲಿ ವಿಳಾಸದ ದಾಖಲೆ ಕೇಳದೆ ಆ ಮಕ್ಕಳ ಹೆಸರು ಬರೆದುಕೊಳ್ಳಬೇಕೆಂಬುದು ಎರಡನೆಯದು.