ಸ್ಕೋರ್ ಬುಕ್ ಹಿಡಿದು ಪತ್ರಿಕೋದ್ಯಮಕ್ಕೆ

ನನಗೆ ಬ್ಯಾಟ್ ಹಿಡಿಯಲು ಬರುತ್ತಿರಲಿಲ್ಲ. ಬೌಲಿಂಗ್ ಬಗ್ಗೆ ಕೇಳಲೇಬೇಡಿ. ಸೇಡಂ ತಾಲ್ಲೂಕಿನ ನಮ್ಮೂರಲ್ಲಿ ತೊಗರಿ ಕೊಯ್ದ ಹೊಲದಲ್ಲಿ ಪ್ರತಿ ವರ್ಷ ಟೆನಿಸ್ ಬಾಲ್ ಟೂರ್ನಿ ನಡೆಯುತ್ತದೆ. ತಂಡದಲ್ಲಿ ಜಾಗ ಸಿಗದವನಿಗೆ ಉಳಿಯುವ ಕೆಲಸ ಒಂದೇ. ಫರಸಿ ಕಲ್ಲಿನ ಮೇಲೆ ಕೂತು ಸ್ಕೋರ್ ಬರೆಯುವುದು. ಎಂಟನೇ ಕ್ಲಾಸಿನಿಂದ ಪಿಯುಸಿ ಮುಗಿಯುವವರೆಗೆ ಅದನ್ನೇ ಮಾಡಿದೆ. ಬರುಬರುತ್ತಾ ಅದು ಹುಚ್ಚಾಯಿತು. ಟಿವಿಯಲ್ಲಿ ಮ್ಯಾಚ್ ನೋಡುವಾಗಲೂ ತೊಡೆಯ ಮೇಲೆ ನೋಟ್‌ಬುಕ್ ಇರುತ್ತಿತ್ತು. "ಸ್ಕೋರ್ ಟಿವಿಯೊಳಗೇ ಬರ್ತದಲ್ಲೋ, ನೀ ಯಾಕ ಬರೀತಿ?" ಅಂತ ಅಪ್ಪ ಕೇಳುತ್ತಿದ್ದ. ನನಗೂ ಗೊತ್ತಿರಲಿಲ್ಲ.

ಸ್ಕೋರ್ ಬುಕ್ಕಿನಲ್ಲಿ ನನಗೆ ಬಹಳ ಇಷ್ಟವಾದದ್ದು ಅದರ ತಾಳೆ. ಮೇಲೆ ಬ್ಯಾಟರ್‌ಗಳ ಲೆಕ್ಕ, ಕೆಳಗೆ ಬೌಲರ್‌ಗಳ ಲೆಕ್ಕ. ಬ್ಯಾಟರ್‌ಗಳ ರನ್ನಿಗೆ ಎಲ್ಲ ಎಕ್ಸ್‌ಟ್ರಾ ಸೇರಿಸಿದರೆ ತಂಡದ ಮೊತ್ತ. ಬೌಲರ್‌ಗಳು ಕೊಟ್ಟ ರನ್ನಿಗೆ, ಚೆಂಡು ಬ್ಯಾಟಿಗೆ ತಾಗದೆ ಬಂದ ರನ್, ಅಂದರೆ ಬೈ ಮತ್ತು ಲೆಗ್ ಬೈ ಸೇರಿಸಿದರೂ ಅದೇ ಮೊತ್ತ ಬರಬೇಕು. ವೈಡು, ನೋಬಾಲು ಬೌಲರ್ ತಲೆಗೇ ಬೀಳುತ್ತವೆ, ಬೈ ಬೀಳುವುದಿಲ್ಲ, ಅದಕ್ಕೆ. ಎರಡೂ ಕೂಡಿ ಬರಲಿಲ್ಲ ಅಂದರೆ ಎಲ್ಲೋ ತಪ್ಪಿದೆ. ಎಷ್ಟೋ ಸಲ ಮ್ಯಾಚ್ ಮುಗಿದು, ಹುಡುಗರೆಲ್ಲ ಮಿರ್ಚಿ ತಿನ್ನಲು ಹೋದ ಮೇಲೂ ನಾನೊಬ್ಬನೇ ಕೂತು ಕಳೆದುಹೋದ ಎರಡು ರನ್ ಹುಡುಕಿದ್ದೇನೆ.

2021ರಲ್ಲಿ ಡಿಗ್ರಿ ಓದಲು ಕಲಬುರಗಿಗೆ ಬಂದೆ. ಪತ್ರಿಕೋದ್ಯಮ ತೆಗೆದುಕೊಂಡದ್ದಕ್ಕೆ ದೊಡ್ಡ ಕಾರಣ ಏನಿಲ್ಲ, ಗೆಳೆಯನೊಬ್ಬ ತೆಗೆದುಕೊಂಡಿದ್ದ. ನಮ್ಮ ವಿಭಾಗದಲ್ಲಿ ಒಂದು ಗೋಡೆ ಪತ್ರಿಕೆ ಇತ್ತು. ಕ್ಯಾಂಟೀನಿಗೆ ಹೋಗುವ ದಾರಿಯಲ್ಲಿ ಗಾಜಿನ ಬಾಗಿಲಿನ ಬೋರ್ಡು. ಅದರೊಳಗೆ ನಾಲ್ಕು ಎ3 ಹಾಳೆ. ಪ್ರತಿ ಸೋಮವಾರ ಹೊಸ ಸಂಚಿಕೆ.

ನಾನು ಕೈಹಾಕಿದ ಮೊದಲ ಸಂಚಿಕೆ ಹೇಗಿತ್ತು ಅಂದರೆ, ತಾಯಿಯ ಮೇಲೆ ಎರಡು ಕವನ, ಪ್ರಿನ್ಸಿಪಾಲರ ಸಂದೇಶ, ಆಮೇಲೆ ಎನ್‌ಎಸ್‌ಎಸ್ ಶಿಬಿರ "ಯಶಸ್ವಿಯಾಗಿ ಜರುಗಿತು" ಎಂಬ ವರದಿ. ಶಿಬಿರ ಯಶಸ್ವಿಯಾಗದೆ ಜರುಗಿದ್ದನ್ನು ನಾನಂತೂ ಯಾವ ಪತ್ರಿಕೆಯಲ್ಲೂ ಓದಿಲ್ಲ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಬೋರ್ಡಿನ ಪಕ್ಕದ ಕಂಬಕ್ಕೆ ಒರಗಿ ನಿಂತೆ. ಚಟ ಬಿಡಬೇಕಲ್ಲ, ಎಣಿಸಿದೆ. 41 ಜನ ಹಾದುಹೋದರು. ಮೂವರು ನಿಂತರು. ಆ ಮೂವರಲ್ಲಿ ಒಬ್ಬ ಗಾಜಿನಲ್ಲಿ ತಲೆ ಬಾಚಿಕೊಂಡು ಹೋದ.

ಈ ಲೆಕ್ಕವನ್ನು ನಮ್ಮ ಸರ್‌ಗೆ ಹೇಳಿದೆ. ನಕ್ಕರು. "ನಿನ್ನ ಸಂಚಿಕೆಯೊಳಗಿಂದು ಒಂದೂ ಸುದ್ದಿ ಅಲ್ಲ. ಈಗ ಹೇಳಿದ್ದು ನೋಡು, ಇದು ಸುದ್ದಿ" ಅಂದರು. ಅವತ್ತಿನಿಂದ ನಾನು ಏನೇ ಬರೆದು ಕೊಟ್ಟರೂ ಕೆಂಪು ಪೆನ್ನಿನಲ್ಲಿ ಮೂರು ಪ್ರಶ್ನೆ. ಯಾರು ಹೇಳ್ಯಾರ? ನೀ ನೋಡಿದೇನು? ಎಣಿಸಿದೇನು?

ಆದರೂ ಎಡವಿದೆ. ಎರಡನೇ ವರ್ಷ, ಮಾರ್ಚ್ ತಿಂಗಳು. ಕಲಬುರಗಿ ಬಿಸಿಲು ಗೊತ್ತಲ್ಲ, ಮಾರ್ಚಿಗೇ ಫ್ಯಾನಿನ ಗಾಳಿ ಬಿಸಿಯಾಗುತ್ತದೆ. ನನ್ನ ಇಬ್ಬರು ಗೆಳೆಯರಿದ್ದ ಹಾಸ್ಟೆಲ್‌ನಲ್ಲಿ ನೀರಿಲ್ಲ ಅಂತ ದೂರು. ಹೆಡ್ಡಿಂಗ್ ದಪ್ಪಗೆ ಬರೆದೆ: "ಹಾಸ್ಟೆಲ್‌ನಲ್ಲಿ 15 ದಿನದಿಂದ ನೀರಿಲ್ಲ!" ಸರ್ ಆ ವಾರ ರಜೆಯಲ್ಲಿದ್ದರು. ಹಾಳೆ ಅಂಟಿಸಿದ ಮೊದಲ ದಿನವೇ ಬೋರ್ಡಿನ ಮುಂದೆ ಗುಂಪು. ನನಗೆ ಎರಡು ಅಡಿ ಎತ್ತರ ಬೆಳೆದ ಹಾಗಾಗಿತ್ತು.

ಮರುದಿನ ವಿಭಾಗದ ಬಾಗಿಲಲ್ಲಿ ಒಬ್ಬರು ನಿಂತಿದ್ದರು. ವಾರ್ಡನ್ ಇರಬೇಕು, ಬೈಯಲು ಬಂದಿದ್ದಾರೆ ಅಂದುಕೊಂಡೆ. ಅಲ್ಲ. ಹಾಸ್ಟೆಲ್‌ನಲ್ಲಿ ಮೋಟರ್ ನೋಡಿಕೊಳ್ಳುವ ಕಾಕಾ. ತಲೆಗೆ ಟವೆಲ್, ಕಂಕುಳಲ್ಲಿ ಒಂದು ನೋಟ್‌ಬುಕ್. ಬೈಯಲಿಲ್ಲ. "ತಮ್ಮಾ, ನಾ ದಿನಾ ಮುಂಜಾನಿ ನಾಕ್ ಗಂಟಿಗಿ ಎದ್ದು ಮೋಟರ್ ಹಚ್ತೀನಿ. ನೀ ನೀರೇ ಇಲ್ಲ ಅಂತ ಬರದಿ. ನಾ ಏನ್ ಮಕ್ಕೊಂಡಿದ್ದೆ ಅಂತ ಆಯ್ತಲ್ಲ" ಅಂದರು. ನೋಟ್‌ಬುಕ್ ತೆರೆದು ತೋರಿಸಿದರು. ಮೋಟರ್ ಹಚ್ಚಿದ ಟೈಮು, ಬಂದ್ ಮಾಡಿದ ಟೈಮು, ಕರೆಂಟ್ ಹೋದ ಟೈಮು. ಆ 15 ದಿನದಲ್ಲಿ 13 ದಿನ ಟ್ಯಾಂಕ್ ತುಂಬಿತ್ತು. ಎರಡು ದಿನ ಮಾತ್ರ ಕರೆಂಟಿರಲಿಲ್ಲ.

ಅವರದೂ ಒಂದು ಸ್ಕೋರ್ ಬುಕ್! ನಾನು ಅದನ್ನು ಕೇಳಿಯೇ ಇರಲಿಲ್ಲ. ಬ್ಯಾಟರ್ ಕಡೆಯ ಲೆಕ್ಕ ಮಾತ್ರ ಬರೆದು ಮೊತ್ತ ಹಾಕಿಬಿಟ್ಟಿದ್ದೆ.

ಗೆಳೆಯರನ್ನು ಹಿಡಿದು ಕೇಳಿದೆ. ಅವರೂ ಸುಳ್ಳು ಹೇಳಿರಲಿಲ್ಲ. ಖರೇ ನೀರು ಬರುತ್ತಿರಲಿಲ್ಲ, ಅವರ ಮಹಡಿಗೆ. ಕಾಕಾನ ನೋಟ್‌ಬುಕ್ಕೂ ಸರಿ, ಹುಡುಗರ ಮಾತೂ ಸರಿ, ಆದರೆ ಎರಡೂ ಕೂಡಿ ಬರುತ್ತಿಲ್ಲ. ಅಂದರೆ ಬೈ ರನ್ ಎಲ್ಲೋ ಇದೆ. ಅದನ್ನು ಹುಡುಕುವುದೇ ನಿಜವಾದ ಸುದ್ದಿ ಅಂತ ಹೊಳೆದದ್ದು ಆಗ.

ಎರಡು ರಾತ್ರಿ ಹಾಸ್ಟೆಲ್‌ನಲ್ಲೇ ಮಲಗಿದೆ. ಬೆಳಗ್ಗೆ ಐದೂವರೆಗೆ 15 ಲೀಟರಿನ ಬಕೆಟ್ ಹಿಡಿದು ಮೊಬೈಲಿನಲ್ಲಿ ಟೈಮ್ ನೋಡಿದೆ. ನೆಲಮಹಡಿಯಲ್ಲಿ ಬಕೆಟ್ ಒಂದು ನಿಮಿಷದೊಳಗೆ ತುಂಬಿತು. ಎರಡನೇ ಮಹಡಿಯಲ್ಲಿ ಮೂರು ನಿಮಿಷ ಹತ್ತಿರ. ಕಾರಣ ಸರಳ. ಟ್ಯಾಂಕ್ ಇರುವುದು ಮಾಳಿಗೆಯ ಮೇಲೆ. ನಲ್ಲಿ ಟ್ಯಾಂಕಿನಿಂದ ಎಷ್ಟು ಕೆಳಗಿದೆಯೋ ಅಷ್ಟು ಒತ್ತಡ ಜಾಸ್ತಿ. ಟ್ಯಾಂಕಿನ ಪಕ್ಕದಲ್ಲೇ ಮಲಗುವ ಮೇಲಿನವರಿಗೇ ನೀರು ಕಡಿಮೆ. ಕೆಳಗಿನವರು ನಲ್ಲಿ ಬಿಟ್ಟರೆ ಮೇಲೆ ಬರೀ ಗಾಳಿಯ ಸದ್ದು. ಏಳೂವರೆಗೆ ಏಳುವ ನನ್ನ ಗೆಳೆಯರ ಪಾಲಿಗೆ ಟ್ಯಾಂಕ್ ಖಾಲಿ.

ಇಷ್ಟಕ್ಕೂ ಟ್ಯಾಂಕ್ ಎಷ್ಟು ಲೀಟರಿನದು, ಮಂಜೂರಾದ ಹುಡುಗರೆಷ್ಟು, ಇರುವವರೆಷ್ಟು? ಆಫೀಸಿನಲ್ಲಿ ಯಾರೂ ಬಾಯಿ ಬಿಡಲಿಲ್ಲ. ಸರ್ ರಜೆ ಮುಗಿಸಿ ಬಂದವರು ಮೊದಲು ನನಗೆ ಚೆನ್ನಾಗಿ ಬೈದರು. ಆಮೇಲೆ ಆರ್‌ಟಿಐ ಹಾಕಲು ಹೇಳಿದರು. ಮಾಹಿತಿ ಹಕ್ಕು ಕಾಯ್ದೆ 2005ರದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯದ ಮೇಲಿರಬೇಕು, 150 ಪದ ದಾಟಬಾರದು. ಜನರ ಹಕ್ಕಿಗೆ ಪದಗಳ ಬೇಲಿ ಹಾಕಿದ್ದು ನನಗೆ ಸರಿ ಕಾಣುವುದಿಲ್ಲ. ಆದರೆ ಬರೆಯುವುದನ್ನು ಕಲಿಯುವವನಿಗೆ ಒಳ್ಳೆಯ ವ್ಯಾಯಾಮ. ನನ್ನ ಮೊದಲ ಕರಡು 400 ಪದ ಇತ್ತು. ಅದರಲ್ಲಿ 250 ಪದ ಬರೀ ಸಿಟ್ಟು.

ಉತ್ತರ ಬಂತು. ಟ್ಯಾಂಕ್ 10,000 ಲೀಟರಿನದು, ಹುಡುಗರು 240. ಭಾಗಿಸಿದರೆ ತಲೆಗೆ ದಿನಕ್ಕೆ 42 ಲೀಟರೂ ಬರುವುದಿಲ್ಲ. ಜಲ ಜೀವನ್ ಮಿಷನ್‌ನಲ್ಲಿ ಹಳ್ಳಿಯ ಮನೆಗೇ ತಲೆಗೆ 55 ಲೀಟರ್ ಅಂತ ಲೆಕ್ಕ ಇಟ್ಟಿದ್ದಾರೆ. ಮತ್ತೆ ಬರೆದೆವು. ಮೇಲುಗಡೆ, ಹಿಂದಿನ ಹೆಡ್ಡಿಂಗ್ ಇದ್ದ ಜಾಗದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ "ನಾವು ತಪ್ಪು ಬರೆದಿದ್ದೆವು" ಅಂತ ಹಾಕಬೇಕು ಅಂದರು ಸರ್. ಮೂಲೆಯಲ್ಲಿ ಚಿಕ್ಕದಾಗಿ ಹಾಕೋಣ ಸರ್, ಅಂತ ನಾನು ಗೋಗರೆದೆ. "ಪೆಟ್ಟು ನಡುಬಜಾರಿನೊಳಗ ಕೊಟ್ಟು, ಮಾಫಿ ಸಂದಿಯೊಳಗ ಕೇಳ್ತಿ ಏನು?" ಅಂದುಬಿಟ್ಟರು. ಹಾಕಿದೆವು. ಅದರ ಕೆಳಗೆ ಬಕೆಟ್ ಲೆಕ್ಕ, ಆರ್‌ಟಿಐ ಉತ್ತರ, ಕಾಕಾನ ಮಾತು.

ಕಾಕಾನ ಮಾತಿನ ಬಗ್ಗೆಯೂ ಜಗಳವಾಯಿತು. ನಾನು "ನಾನು ಪ್ರತಿದಿನ ಬೆಳಗ್ಗೆ ನಾಲ್ಕು ಗಂಟೆಗೆ ಎದ್ದು ಮೋಟಾರ್ ಚಾಲೂ ಮಾಡುತ್ತೇನೆ" ಅಂತ ತಿದ್ದಿ ಬರೆದಿದ್ದೆ. ಬೀದರ್‌ನಿಂದ ಬಂದ ನಮ್ಮ ತಂಡದ ಹುಡುಗಿ ಅದನ್ನು ಓದಿ, "ಇದು ಕಾಕಾ ಅಲ್ಲ, ಆಕಾಶವಾಣಿ" ಅಂದಳು. ಅವಳ ಮಾತು ನಿಜ. ಆಗಿಂದ ನಮ್ಮ ಪತ್ರಿಕೆಯಲ್ಲಿ ಸುದ್ದಿಯ ಕನ್ನಡ ಒಂದು, ಉದ್ಧರಣೆಯೊಳಗಿನ ಕನ್ನಡ ಇನ್ನೊಂದು. ಊರಿನ ಹೆಸರೂ ಹಾಗೇ. 2014ರ ನವೆಂಬರ್ 1ರಿಂದ ಅಧಿಕೃತವಾಗಿ ಕಲಬುರಗಿ, ನಮ್ಮ ಬರಹದಲ್ಲೂ ಕಲಬುರಗಿ. ಮಾತಾಡಿದವರು ಗುಲ್ಬರ್ಗಾ ಅಂದರೆ ಗುಲ್ಬರ್ಗಾ ಅಂತಲೇ ಬಿಡುವುದು.

ಆ ಹುಡುಗಿಯ ಹವ್ಯಾಸ ಬೇರೆ. ಹಳಬರ ಹತ್ತಿರ ಕೂತು ಮಾತಾಡಿಸುವುದು, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳುವುದು. ಸುಮ್ನೆ, ಇಷ್ಟ ಅಂತ. ಹೀಗೆ ಒಮ್ಮೆ ಹಳ್ಳಿಯೊಂದರಲ್ಲಿ ಮುದುಕರೊಬ್ಬರು ಶಾಲೆಯ ಮುಂದೆ "ಕೋಳಿ ಜಾಲಿಯ ದೊಡ್ಡ ಛತ್ರಿ" ಇತ್ತು, ಅದರಿಂದ ಟಿವಿ ಬರುತ್ತಿತ್ತು ಅಂದರು. ನಮಗೆ ನಗು. ಸರ್ ಮಾತ್ರ ಕಿವಿ ನಿಮಿರಿಸಿದರು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಬಳಸಿ ಹಳ್ಳಿಗಳಿಗೆ ಟಿವಿ ತೋರಿಸುವ ಸೈಟ್ (SITE) ಎಂಬ ಪ್ರಯೋಗ ನಡೆದಿತ್ತು. ಆರು ರಾಜ್ಯಗಳ ಸುಮಾರು 2,400 ಹಳ್ಳಿ. ನಮ್ಮ ರಾಜ್ಯದಿಂದ ಆಯ್ದದ್ದು ಆಗಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಹತ್ತು ಅಡಿ ಅಗಲದ ಆ ಆಂಟೆನಾವನ್ನು ಖರೇ ಕೋಳಿ ಜಾಲಿಯಿಂದಲೇ ಮಾಡುತ್ತಿದ್ದರು! ದೊಡ್ಡ ದೊಡ್ಡ ಊರುಗಳಿಗೂ ಟಿವಿ ಇಲ್ಲದ ಕಾಲದಲ್ಲಿ ನಮ್ಮ ಕಡೆಯ ಹಳ್ಳಿಗಳಿಗೆ ಉಪಗ್ರಹದಿಂದ ನೇರ ಟಿವಿ. ಪತ್ರಿಕೋದ್ಯಮದ ಪುಸ್ತಕದಲ್ಲಿ ಇದು ಅರ್ಧ ಪುಟದ ಪಾಠ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆವು ಕೂಡ. ಅದು ನಮ್ಮ ಪಕ್ಕದ ಹಳ್ಳಿಯ ಕಥೆ ಅಂತ ಒಬ್ಬರಿಗೂ ಅನಿಸಿರಲಿಲ್ಲ.

ಬರೆಯಲು ಕೂತಾಗ ತೊಡಕು. ಅದೇ ಟಿವಿಯಲ್ಲಿ ಇಂದಿರಾ ಗಾಂಧಿ ಅಂತ್ಯಕ್ರಿಯೆ ನೋಡಿ ಇಡೀ ಊರು ಅತ್ತಿತ್ತು ಅಂತಲೂ ಅಜ್ಜ ಹೇಳಿದ್ದರು. ಅದು 1984. ಸೈಟ್ ಮುಗಿದು ಎಂಟು ವರ್ಷ ಕಳೆದಿತ್ತು. ತಾಳೆ ಬರಲಿಲ್ಲ. ಈ ಸಲ ನಾನು ಆತುರಪಡಲಿಲ್ಲ. ಮತ್ತೆ ಆ ಊರಿಗೆ ಬಸ್ ಹತ್ತಿದೆವು. ಅಜ್ಜ ತುಸು ಹೊತ್ತು ಸುಮ್ಮನಿದ್ದು, "ಹೌದಲ್ಲ, ಅದು ಗೌಡರ ಮನ್ಯಾಗಿನ ಟಿವಿ. ಛತ್ರಿ ಟಿವಿ ಆಗ್ಲೇ ಒಯ್ದಿದ್ರು" ಅಂದರು. ಆ ಒಂದು ವಾಕ್ಯದಿಂದ ಕಥೆಗೆ ಇನ್ನೊಂದು ತುದಿ ಸಿಕ್ಕಿತು. ಶಾಲೆಯ ಮುಂದೆ ಎಲ್ಲರೂ ನೆಲದ ಮೇಲೆ ಕೂತು ನೋಡಿದ ಟಿವಿ ಹೋಯಿತು, ಆಮೇಲೆ ಬಂದ ಟಿವಿ ಒಂದು ಮನೆಯೊಳಗಿತ್ತು. ಆ ಮನೆಯ ಅಂಗಳದವರೆಗೆ ಯಾರಿಗೆ ಪ್ರವೇಶ, ಯಾರು ಕಿಟಕಿಯಿಂದ ನೋಡಬೇಕಿತ್ತು ಅನ್ನುವುದನ್ನೂ ಅಜ್ಜ ಹೇಳಿದರು. ಮೊದಲ ಸಲ ಅದನ್ನು ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ನಾವು ಮೂರು ವರ್ಷದಲ್ಲಿ ಮಾಡಿದ ಕೆಲಸದಲ್ಲಿ ನನಗೆ ಇವತ್ತಿಗೂ ಹೆಮ್ಮೆ ಇರುವುದು ಈ ಒಂದರ ಮೇಲೆ. ಹುಡುಕಿದ್ದು ನಾನಲ್ಲ, ಅವಳು.

ಗಂಜ್‌ಗೂ, ಅಂದರೆ ಕಾಳುಕಡಿಯ ಮಾರುಕಟ್ಟೆಗೂ ಹೋಗುತ್ತಿದ್ದೆವು. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಸಿಕ್ಕಿದೆ, ಹೆಸರು ದೊಡ್ಡದು. ದರದ ಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಅಂತ ಮೂರು ಅಂಕಿ ಇರುತ್ತವೆ. ಹೆಡ್ಡಿಂಗ್ ಮಾಡಲು ಎಲ್ಲರ ಕಣ್ಣೂ ಗರಿಷ್ಠದ ಮೇಲೆ. ಅಡತ್ ಅಂಗಡಿಯ ಮುನೀಮರೊಬ್ಬರು ನನ್ನ ಬೆನ್ನು ತಟ್ಟಿ, "ಆ ರೇಟು ಒಬ್ಬನ ನಾಕ್ ಚೀಲಕ್ಕ ಸಿಕ್ಕದ್ದು. ಉಳಿದ ರೈತರು ನಿನ್ನ ಪೇಪರ್ ಓದಿ ನಮಗ ಬೈತಾರ" ಅಂದರು. ಹೆಚ್ಚಿನ ಮಾಲು ಮಾರಾಟವಾಗುವುದು ಮಾದರಿ ದರದ ಆಸುಪಾಸು. ಆಮೇಲೆ ನಾವು ಅದನ್ನೇ ಮೇಲೆ ಹಾಕಿದೆವು.

ಕೊನೆಯ ವರ್ಷ ನಾಲ್ಕು ಪುಟದ ಪ್ರಾಯೋಗಿಕ ಪತ್ರಿಕೆ ಅಚ್ಚು ಹಾಕಿಸಿದೆವು. ಅದರ ಬಗ್ಗೆ ಹೆಚ್ಚು ಹೇಳಲು ಇಲ್ಲ. ಅರ್ಧ ಸಮಯ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ, ಯೂನಿಕೋಡ್‌ನಲ್ಲಿ ಬಂದದ್ದನ್ನು ನುಡಿಗೆ ಬದಲಾಯಿಸುವುದರಲ್ಲೇ ಹೋಯಿತು. ಒತ್ತಕ್ಷರಗಳು ಎಲ್ಲೆಲ್ಲೋ ಹಾರಿ ಕೂರುತ್ತಿದ್ದವು. ಪತ್ರಿಕೋದ್ಯಮ ಓದುವ ಹುಡುಗರು ಮೊದಲ ವರ್ಷವೇ ಎರಡರಲ್ಲೂ ಟೈಪ್ ಮಾಡಲು ಕಲಿತರೆ ಕಣ್ಣು ಉಳಿಯುತ್ತವೆ, ಅಷ್ಟೇ.

ಈಗ ಇಲ್ಲೇ ಒಂದು ಪತ್ರಿಕೆಯಲ್ಲಿ ವರದಿಗಾರ. ಬ್ಯಾಗಿನಲ್ಲಿ ಉದ್ದದ ನೋಟ್‌ಬುಕ್, ಹಾಳೆಯ ನಡುವೆ ಒಂದು ಗೆರೆ. ಎಡಕ್ಕೆ ಒಬ್ಬರು ಹೇಳಿದ್ದು, ಬಲಕ್ಕೆ ಇನ್ನೊಬ್ಬರು ಹೇಳಿದ್ದು. ಅಪ್ಪ ನೋಡಿದರೆ ಇನ್ನೂ ಸ್ಕೋರ್ ಬರೆಯುತ್ತಿದ್ದೇನೆ ಅಂದುಕೊಂಡಾನು.

ಹಾಸ್ಟೆಲ್‌ಗೆ ಎರಡನೇ ಟ್ಯಾಂಕ್ ಬಂತು. ನಾವು ಬರೆದಾಗ ಅಲ್ಲ, ನಾವು ಕಾಲೇಜು ಬಿಟ್ಟು ಎಂಟು ತಿಂಗಳಾದ ಮೇಲೆ. ನಮ್ಮಿಂದಲೇ ಬಂತು ಅನ್ನಲು ನನ್ನ ಹತ್ತಿರ ಸಾಕ್ಷಿ ಇಲ್ಲ. ಸುದ್ದಿ ಕೊಟ್ಟದ್ದು ಕಾಕಾ, ಫೋನ್ ಮಾಡಿ.

"ತಮ್ಮಾ, ಟ್ಯಾಂಕ್ ಕೂಡಿಸ್ಯಾರ. ಎಷ್ಟು ಲೀಟರ್ ಅಂತ ಕೇಳೋದಿಲ್ಲೇನು?"

ಕೇಳಿದೆ.

"ಐದ್ ಸಾವಿರ. ನಾ ಬಕೆಟ್ ಹಾಕಿ ಎಣಿಸಿಲ್ಲ ಮತ್ತ. ಟ್ಯಾಂಕಿನ ಮ್ಯಾಲ ಬರದದ್ದು ಹೇಳಿನಿ."