ಹಳೇ ಹನ್ನೆರಡು ಬೋರ್ ಕೋವಿಗೆ ಸ್ಯಾಬೋ ತೋಟಾ ಹೊಂದುತ್ತದೆಯೇ?

ಹನ್ನೆರಡು ಬೋರ್ ನಳಿಗೆಯ ಒಳ ಅಗಲ ಸುಮಾರು 18.5 ಮಿ.ಮೀ. ಸ್ಯಾಬೋ ತೋಟಾದೊಳಗಿನ ಗುಂಡು ಎಷ್ಟೋ ಸಲ 12.7 ಮಿ.ಮೀ. ಆಸುಪಾಸು ಇರುತ್ತದೆ. ನಡುವಿನ ಜಾಗ ತುಂಬುವ ಪ್ಲಾಸ್ಟಿಕ್ ಕವಚವೇ ಸ್ಯಾಬೋ. ಮದ್ದಿನ ಗ್ಯಾಸು ಒತ್ತುವುದು ಕವಚದ ಇಡೀ ತಳವನ್ನು; ಅದರ ವಿಸ್ತೀರ್ಣ ಗುಂಡಿನ ತಳದ ಎರಡು ಪಟ್ಟಿಗೂ ಹೆಚ್ಚು. ಹಾಗಾಗಿ ಹಗುರ ಗುಂಡಿಗೆ ಒಳ್ಳೇ ವೇಗ ಸಿಗುತ್ತದೆ. ನಳಿಗೆ ದಾಟಿದೊಡನೆ ಗಾಳಿ ಕವಚದ ಎಸಳುಗಳನ್ನು ಬಿಡಿಸುತ್ತದೆ, ಕವಚ ಹಿಂದುಳಿಯುತ್ತದೆ.

ಮೊದಲು ನಳಿಗೆಯೊಳಗೆ ನೋಡಿ. ಕೋವಿ ಖಾಲಿ ಇದೆಯೆಂದು ಖಚಿತಪಡಿಸಿಕೊಂಡು, ನಳಿಗೆ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಸುರುಳಿ ಗೀರುಗಳಿದ್ದರೆ ಅವು ಕವಚವನ್ನು ಕಚ್ಚಿ ತಿರುಗಿಸುತ್ತವೆ, ಕವಚ ಗುಂಡನ್ನು ತಿರುಗಿಸುತ್ತದೆ. ಹುಣಸೂರು, ಎಚ್.ಡಿ. ಕೋಟೆ ಕಡೆ ಬೆಳೆ ರಕ್ಷಣೆಗೆ ಲೈಸೆನ್ಸ್ ಪಡೆದು ಇಟ್ಟುಕೊಂಡ ಜೋಡಿ ನಳಿಗೆ ಕೋವಿಗಳು ಬಹುತೇಕ ಒಳಗೆ ನುಣ್ಣಗಿರುತ್ತವೆ. ಅಂಥದ್ದರಲ್ಲಿ ಗುಂಡು ತಿರುಗದೆ ಪಲ್ಟಿ ಹೊಡೆಯುತ್ತದೆ. ಗುರಿ ಕಾಗದದಲ್ಲಿ ದುಂಡನೆ ತೂತಿನ ಬದಲು ಉದ್ದ ಸೀಳು ಬೀಳುತ್ತದೆ. ದುಬಾರಿ ತೋಟಾ ದಂಡ.

ಇನ್ನೊಂದು ವಿಷಯದಲ್ಲಿ ಜೀವವೇ ಹೋಗಬಹುದು. ಹಳೇ ಕೋವಿಗಳ ತೋಟಾ ಕೂರುವ ಕೋಣೆ ಹಲವು ಸಲ 65 ಮಿ.ಮೀ. ಇರುತ್ತದೆ, ಸ್ಯಾಬೋ ತೋಟಾ 70 ಅಥವಾ 76. ತೋಟಾದ ಮೇಲೆ ಬರೆದಿರುವುದು ಹಾರಿಸಿದ ಮೇಲೆ ಬಾಯಿ ಬಿಚ್ಚಿಕೊಂಡಾಗಿನ ಉದ್ದ. ಆದ್ದರಿಂದ ಹೊಸ ತೋಟಾ ಒಳಗೆ ಸಲೀಸಾಗಿ ಕೂರುತ್ತದೆ, ಕೂತಿತೆಂದು ನಂಬಬೇಡಿ. ಹಾರಿಸಿದಾಗ ಬಾಯಿ ಬಿಚ್ಚಲು ಜಾಗವಿಲ್ಲದೆ ದಾರಿ ಕಟ್ಟಿ ಒತ್ತಡ ಏರುತ್ತದೆ. ಕೋಣೆಯ ಉದ್ದ ತಿಳಿಯಲು ನಳಿಗೆಯ ಕೆಳಬದಿಯ ಮುದ್ರೆ ಓದಿ. ಮಸುಕಾಗಿದ್ದರೆ ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಹತ್ತಿರ ಅಳೆಸಿ. ಬಿಗಿ ಚೋಕ್ (ನಳಿಗೆಯ ಬಾಯಿ ಕಿರಿದಾಗಿರುವುದು) ಇರುವ ನಳಿಗೆಗೂ ಸ್ಯಾಬೋ ತೋಟಾ ಬೇಡ. ಸಣ್ಣ ಗುಂಡಿಗೆ ಬಟ್ಟೆಯನ್ನೋ ಪ್ಲಾಸ್ಟಿಕ್ಕನ್ನೋ ಸುತ್ತಿ ಮನೆಯಲ್ಲೇ ಕವಚ ಮಾಡುವ ಯೋಚನೆ ಬಿಟ್ಟುಬಿಡಿ: ಗುಂಡು ಓರೆಯಾಗಿ ನಳಿಗೆಯಲ್ಲೇ ಸಿಕ್ಕಿಕೊಂಡರೆ ಮುಂದಿನ ಹೊಡೆತಕ್ಕೆ ನಳಿಗೆ ಸೀಳುತ್ತದೆ.

ಎಲ್ಲ ಸರಿಯಿದ್ದರೆ ಅನುಮತಿ ಇರುವ ರೇಂಜ್‌ನಲ್ಲಿ, ಹಿಂದೆ ಮಣ್ಣಿನ ದಿಬ್ಬ ಇರುವ ಕಡೆ, ಮರಳುಚೀಲದ ಮೇಲೆ ಕೋವಿ ಊರಿ 25 ಮೀಟರಿಗೆ ಒಂದೇ ಡಬ್ಬಿಯ ಮೂರು ತೋಟಾ ಹೊಡೆಯಿರಿ. ತೂತುಗಳು ಹತ್ತಿರ ಹತ್ತಿರ ಬಿದ್ದು ಗುಂಪು ಕೂಡಿದರೆ 50 ಮೀಟರಿಗೆ ಹೋಗಿ. ಕೂಡದಿದ್ದರೆ ಬೇರೆ ಕಂಪನಿಯ ತೋಟಾ ನೋಡಿ. ಒಂದೊಂದು ನಳಿಗೆಗೆ ಒಂದೊಂದು ಒಗ್ಗುತ್ತದೆ. ಬಿದ್ದ ಎಸಳುಗಳನ್ನು ಆರಿಸಿ ನೋಡಿ, ಎಲ್ಲವೂ ಒಂದೇ ಸಮ ಬಾಗಿರಬೇಕು. ಒಂದು ಮಾತ್ರ ಹರಿದಿದ್ದರೆ ಅದು ಗುಂಡನ್ನು ಪಕ್ಕಕ್ಕೆ ಎಳೆದಿರಬಹುದು.

ಚೆನ್ನಾಗಿ ಕೂಡುತ್ತಿದ್ದ ಗುಂಪು ನಡುವೆ ಚದುರತೊಡಗಿದರೆ ಗೀರುಗಳಲ್ಲಿ ಪ್ಲಾಸ್ಟಿಕ್ ಮೆತ್ತಿರಬಹುದು. ಕೋವಿ ಖಾಲಿ ಮಾಡಿ, ಸಾಲ್ವೆಂಟ್ (ಕೊಳೆ ಕರಗಿಸುವ ದ್ರವ) ಹಚ್ಚಿ ಸ್ವಲ್ಪ ನೆನೆಯಬಿಟ್ಟು, ಕಂಚಿನ ಬ್ರಷ್ ಆಡಿಸಿ, ಒಣಬಟ್ಟೆಯಲ್ಲಿ ಒರೆಸಿ ತೆಳ್ಳಗೆ ಎಣ್ಣೆ ಸವರಿ.