ಪಂಪು ಕೆಟ್ಟಿರಲಿಲ್ಲ, ಎಣ್ಣೆ ಕೆಟ್ಟಿತ್ತು

2024ರ ಆಗಸ್ಟ್ ಎರಡನೇ ವಾರ. ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ಕಡಿದು ಹೋಗಿತ್ತು. ಅದರ ನೀರನ್ನೇ ನಂಬಿದ ನಮ್ಮ ಕೊಪ್ಪಳ ಜಿಲ್ಲೆಯ ಕಾರಟಗಿಯ ಚಹಾದಂಗಡಿಗಳಲ್ಲಿ ಎರಡನೇ ಬೆಳೆಗೆ ನೀರು ಸಿಗ್ತದೋ ಇಲ್ಲೋ ಅನ್ನೋದೊಂದೇ ಮಾತು. ನನಗೆ ಮೊದಲನೇ ಬೆಳೆಯದ್ದೇ ಚಿಂತೆ. ನಾಟಿಗೆ ಆಳು ಗೊತ್ತು ಮಾಡಿ ಆಗಿತ್ತು, ಎರಡೂವರೆ ಎಕರೆ ಇನ್ನೂ ಕೆಸರು ಮಾಡಬೇಕಿತ್ತು, ಟ್ರ್ಯಾಕ್ಟರಿನ ಲಿಫ್ಟು ಹಿಂದೆ ಕಟ್ಟಿದ ಕಲ್ಟಿವೇಟರನ್ನು ಎತ್ತುತ್ತಿರಲಿಲ್ಲ.

ನಮ್ಮದು ಅಪ್ಪನ ಕಾಲದ ಟ್ರ್ಯಾಕ್ಟರು. ಮೂರು ಸಿಲಿಂಡರು, ಮೂವತ್ತೈದು ಹೆಚ್‌ಪಿಯ ಆಸುಪಾಸು. ಲಿಫ್ಟಿಗೆ ಒತ್ತಡದಲ್ಲಿ ಎಣ್ಣೆ ದೂಡುವ ಹೈಡ್ರಾಲಿಕ್ ಪಂಪು ಹಿಂದಿನ ಹೌಸಿಂಗಿನ (ಗೇರುಗಳಿರುವ ಪೆಟ್ಟಿಗೆಯ) ಎಣ್ಣೆಯೊಳಗೇ ಮುಳುಗಿರುವ ಜಾತಿ. ಕಂಪನಿಯ ಹೆಸರು ಹೇಳೋದಿಲ್ಲ, ಯಾಕಂದ್ರೆ ತಪ್ಪೆಲ್ಲ ನಂದೇ.

ಮೊದಲ ದಿನ ಡ್ರೈವರ್ ಹುಡುಗ ಬಂದು, "ಅಣ್ಣಾ, ಮುಂಜಾನೆ ಚಲೋ ಎತ್ತತೈತಿ, ತಾಸು ಹೊಡೆದ ಮ್ಯಾಲೆ ಜಗ್ಗಿ ಜಗ್ಗಿ ಎತ್ತತೈತಿ, ಆಮ್ಯಾಲೆ ಎತ್ತೋದೇ ಇಲ್ಲ" ಅಂದ. ಈ ಒಂದು ಮಾತಿನಲ್ಲೇ ಅರ್ಧ ಉತ್ತರ ಇತ್ತು, ನನಗೆ ಆಗ ತಿಳೀಲಿಲ್ಲ. ಎಣ್ಣೆ ತಣ್ಣಗಿದ್ದಾಗ ಮಂದ, ಸಣ್ಣ ಸಂದಿಯಲ್ಲಿ ಸೋರೋದು ಕಡಿಮೆ. ಬಿಸಿಯಾದರೆ ನೀರಿನಂತೆ ತೆಳ್ಳಗಾಗಿ ಅದೇ ಸಂದಿಯಿಂದ ಹರಿದು ಹೋಗುತ್ತದೆ. ಹಾಗಾಗಿ ತಣ್ಣಗಿದ್ದಾಗ ಎತ್ತಿ ಬಿಸಿಯಾದ ಮೇಲೆ ಕೈಕೊಟ್ಟರೆ ಒಳಗೆಲ್ಲೋ ಸೋರಿಕೆ. ತದ್ವಿರುದ್ಧ, ಮುಂಜಾನೆಯೇ ಕಿರ್ ಅಂತ ಕೂಗಿ ಆಮೇಲೆ ಸರಿಹೋದರೆ ಪಂಪಿಗೆ ಎಣ್ಣೆ ಎಳೆಯೋಕೆ ಕಷ್ಟ ಆಗ್ತಿದೆ ಅಂತ. ಒಂದೋ ಎಣ್ಣೆ ಕಡಿಮೆ, ಇಲ್ಲವೇ ಹಾಕಬೇಕಾದ್ದಕ್ಕಿಂತ ದಪ್ಪ ಎಣ್ಣೆ ಹಾಕಿದ್ದು.

ಪೇಟೆಯ ಒಬ್ಬ ಮೆಕ್ಯಾನಿಕ್ ಬಂದು ಐದು ನಿಮಿಷ ನೋಡಿ, "ಪಂಪು ಹೋಗೈತ್ರಿ, ಬದಲಿಸಬೇಕು" ಅಂದ. ಅವನು ಹೇಳಿದ ರೊಕ್ಕ ಕೇಳಿ, ಆಯ್ತು ನಾಳೆ ಹೇಳ್ತೀನಿ ಅಂತ ಕಳಿಸಿದೆ. ಸಂಜೆ ಊರಿನ ಹಳೇ ಮಿಸ್ತ್ರಿ ಕಾಕಾನ ಮನೆಗೆ ಹೋದೆ. ಕಣ್ಣು ಮಂಜಾದ ಮೇಲೆ ಅವರು ಕೆಲಸ ಬಿಟ್ಟಿದ್ದಾರೆ, ಮಾತು ಬಿಟ್ಟಿಲ್ಲ.

"ಎಣ್ಣಿ ನೋಡಿದ್ಯೇನೋ ತಮ್ಮಾ?"

"ಇಲ್ರಿ ಕಾಕಾ."

"ಎಣ್ಣಿ ನೋಡಲಾರದ ಪಂಪಿಗೆ ಹೆಸರಿಟ್ಟು ಬಂದ್ಯಾ?"

ರಾತ್ರಿಯೇ ಬ್ಯಾಟರಿ ಹಿಡಿದು ಬಲಗಡೆಯ ಪ್ಲೇಟಿನಲ್ಲಿರುವ ಡಿಪ್‌ಸ್ಟಿಕ್, ಅಂದ್ರೆ ಎಣ್ಣೆಯ ಮಟ್ಟ ನೋಡುವ ಕಡ್ಡಿ, ಎಳೆದೆ. ಮಟ್ಟ ಗೀಟಿಗಿಂತ ಮೇಲೇ ಇತ್ತು. ಯಾರೂ ಹಾಕದೆ ಎಣ್ಣೆ ಹೆಚ್ಚಾಗೋದು ಹೇಗೆ? ಬಣ್ಣ ನೋಡಿದರೆ ಹಾಲು ಜಾಸ್ತಿ ಹಾಕಿದ ಚಹಾ. ಒಂದೆರಡು ಹನಿ ಕಾದ ತವಾದ ಮೇಲೆ ಬಿಟ್ಟೆ, ಚಟಪಟ ಸಿಡಿಯಿತು. ಬರೀ ಎಣ್ಣೆ ಹೊಗೆಯಾಡುತ್ತದೆ, ಸಿಡಿಯೋದು ನೀರು. (ತವಾ ಅವ್ವಂದು. ಮರುದಿನ ಹೊಸದು ತಂದುಕೊಟ್ಟೆ.)

ಈ ಜಾತಿಯ ಹೈಡ್ರಾಲಿಕ್ಕಿನ ಒಂದು ಗುಟ್ಟು ಕಾಕಾ ಬಿಡಿಸಿ ಹೇಳಿದರು. ಟ್ರ್ಯಾಕ್ಟರಿನ ಹಿಂದೆ ಮೂರು ಲಿಂಕಿನ ಮೇಲೆ ಉಪಕರಣ ಕಟ್ಟಿ, ಅದನ್ನು ಎಣ್ಣೆಯ ಬಲದಿಂದ ಎತ್ತಿ, ನೇಗಿಲಿನ ಎಳೆತಕ್ಕೆ ತಕ್ಕಂತೆ ಆಳವನ್ನೂ ತಾನೇ ಹೊಂದಿಸಿಕೊಳ್ಳುವ ಏರ್ಪಾಟನ್ನು ರೂಢಿಗೆ ತಂದವನು ಹ್ಯಾರಿ ಫರ್ಗ್ಯೂಸನ್ ಎಂಬ ಐರಿಷ್ ಮನುಷ್ಯ. ಅವನ ಪದ್ಧತಿಯಲ್ಲಿ ಕಂಟ್ರೋಲ್ ವಾಲ್ವು ಇರೋದು ಪಂಪು ಎಣ್ಣೆ ಎಳೆಯುವ ಬಾಯಲ್ಲೇ. ಎತ್ತುವ ಕೆಲಸ ಇಲ್ಲದಾಗ ವಾಲ್ವು ಬಾಯಿ ಮುಚ್ಚುತ್ತದೆ, ಪಂಪು ಸುಮ್ಮನೆ ತಿರುಗುತ್ತಿರುತ್ತದೆ. ನೀರು ಬೆರೆತು ಜಿಡ್ಡುಗಟ್ಟಿ ಆ ವಾಲ್ವು ಹಿಡಿದುಕೊಂಡರೆ, ಪಂಪು ಗಟ್ಟಿಯಿದ್ದರೂ ಎಣ್ಣೆಯೇ ಸಿಗೋದಿಲ್ಲ. ನೋಡಿದವರಿಗೆ ಪಂಪು ಸತ್ತಂತೆ ಕಾಣುತ್ತದೆ.

ಟ್ರ್ಯಾಕ್ಟರನ್ನು ರಾತ್ರಿಯಿಡೀ ಅಲ್ಲಾಡಿಸದೆ ನಿಲ್ಲಿಸಿದೆವು. ಮುಂಜಾನೆ ಎಂಜಿನ್ ಚಾಲೂ ಮಾಡದೇ ಕೆಳಗಿನ ಡ್ರೇನ್ ಪ್ಲಗ್ಗನ್ನು ಸ್ವಲ್ಪವೇ ಸಡಿಲ ಮಾಡಿದರೆ ಮೊದಲು ಬಂದದ್ದು ಕೆಂಪು ಕದಡಿದ ನೀರು, ಹೆಚ್ಚೂಕಡಿಮೆ ಎರಡು ಚೊಂಬು. ಆಮೇಲೆ ಮಜ್ಜಿಗೆ. ಗೇರಿಗೂ ಹೈಡ್ರಾಲಿಕ್ಕಿಗೂ ಇದರಲ್ಲಿ ಒಂದೇ ಎಣ್ಣೆ, ಮೂವತ್ತು ಲೀಟರಿನ ಸುಮಾರು. ಹೀಗಾಗಿ ಒಂದು ಪ್ಲಗ್ ಬಿಚ್ಚಿದರೆ ಸಾಲದು, ಗೇರ್‌ಬಾಕ್ಸಿನದೂ ಬಿಚ್ಚಬೇಕು. ಅಷ್ಟಾದರೂ ಆಕ್ಸೆಲ್ಲಿನ ಕಡೆ ಒಂದಿಷ್ಟು ಉಳಿದೇ ಉಳಿಯುತ್ತದೆ. ಅದಕ್ಕೇ ಮೊದಲ ಸಲ ಅಗ್ಗದ ಎಣ್ಣೆ ಹಾಕಿ, ಹೊರೆ ಇಲ್ಲದೆ ಅರ್ಧ ತಾಸು ಓಡಿಸಿ, ಲಿಫ್ಟಿನ ಲಿವರ್ ಇಪ್ಪತ್ತು ಸಲ ಮೇಲೆ ಕೆಳಗೆ ಆಡಿಸಿ, ಬಿಸಿಯಿದ್ದಾಗಲೇ ಇಳಿಸಿದೆವು. ಎರಡನೇ ಸಲ ಟ್ರ್ಯಾಕ್ಟರಿನ ಪುಸ್ತಕದಲ್ಲಿ ಬರೆದ ಎಣ್ಣೆಯನ್ನೇ ಹಾಕಿದೆವು.

ಲಿಫ್ಟು ಮುಕ್ಕಾಲು ಸರಿಹೋಯಿತು. ಆ ಎರಡೂವರೆ ಎಕರೆ ಮುಗಿಸಿ ನಾಟಿ ಹಚ್ಚಿದೆವು. ಆದರೆ ಬಿಸಿಯಾದಾಗ ಜಗ್ಗೋದು ಪೂರ್ತಿ ಹೋಗಿರಲಿಲ್ಲ.

ಸಪ್ಟೆಂಬರಿನಲ್ಲಿ ಪುರುಸೊತ್ತು ಸಿಕ್ಕಿತು. ಮೊದಲು ಎರಡು ಲಿವರೂ ನೋಡಿಕೊಂಡೆ. ಉಪಕರಣವನ್ನು ಬೇಕಾದ ಎತ್ತರಕ್ಕೆ ನಿಲ್ಲಿಸೋದು ಪೊಸಿಷನ್ ಲಿವರು, ಎಳೆತಕ್ಕೆ ತಕ್ಕಂತೆ ಆಳ ಹೊಂದಿಸೋದು ಡ್ರಾಫ್ಟ್ ಲಿವರು. ಪೊಸಿಷನ್ ಲಿವರಿನಲ್ಲಿ ಕೆಲಸ ಮಾಡುವಾಗ ಡ್ರಾಫ್ಟಿನದು ಪೂರ್ತಿ ಮೇಲಿರಬೇಕು, ಹೊಸ ಡ್ರೈವರುಗಳು ಅದನ್ನು ಕೆಳಗೆ ಬಿಟ್ಟು ಲಿಫ್ಟ್ ಕೆಟ್ಟಿದೆ ಅನ್ನುತ್ತಾರೆ. ನಮ್ಮಲ್ಲಿ ಅದು ಸರಿಯಿತ್ತು. ಕಲ್ಟಿವೇಟರ್ ಪೂರ್ತಿ ಎತ್ತಿ, ಎಂಜಿನ್ ಬಂದ್ ಮಾಡಿ, ದೂರ ನಿಂತು ಗಡಿಯಾರ ನೋಡಿದೆ. ಕಾಲು ತಾಸಿನಲ್ಲಿ ನೆಲ ಮುಟ್ಟಿತು. ರಾತ್ರಿಯಿಡೀ ಒಂದಿಷ್ಟು ಇಳಿಯೋದು ಹಳೇ ಗಾಡಿಗೆ ಸಹಜ, ಕಾಲು ತಾಸು ಅಂದರೆ ಸೋರಿಕೆ.

ಎಲ್ಲಿ ಸೋರುತ್ತದೆ ಅಂತ ನೋಡೋಕೆ ಒಂದಿಷ್ಟು ಎಣ್ಣೆ ಇಳಿಸಿ ಪಕ್ಕದ ಪ್ಲೇಟು ತೆಗೆದೆವು. ಲಿಫ್ಟಿನ ತೋಳುಗಳ ಮೇಲೆ ಹೊರೆ ಇಟ್ಟು, ಎಂಜಿನ್ ಮೆಲ್ಲಗೆ ಓಡಿಸಿ, ಬ್ಯಾಟರಿ ಬೆಳಕು ಬಿಟ್ಟು ಹೊರಗಿಂದಲೇ ನೋಡಬೇಕು. ಕೈ ಒಳಗೆ ಹಾಕಲೇಬಾರದು. ಒಳಗೆ ಶಾಫ್ಟ್ ತಿರುಗುತ್ತಿರುತ್ತದೆ. ಸಣ್ಣ ತೂತಿನಿಂದ ಒತ್ತಡದಲ್ಲಿ ಚಿಮ್ಮುವ ಎಣ್ಣೆಯಂತೂ ಚರ್ಮದೊಳಗೇ ಹೊಕ್ಕುಬಿಡುತ್ತದೆ. ಪಂಪಿನಿಂದ ಮೇಲಿನ ಸಿಲಿಂಡರಿಗೆ ಎಣ್ಣೆ ಒಯ್ಯುವ ನಿಂತ ಪೈಪಿನ ಬುಡದಲ್ಲಿ ಎಣ್ಣೆ ಧಾರೆಯಾಗಿ ಇಳಿಯುತ್ತಿತ್ತು. ಸಿಲಿಂಡರಿನ ಕಡೆಯಿಂದ ಹನಿಯೂ ಇಲ್ಲ.

ಲಿಫ್ಟಿನ ಕವರ್ ಬಿಚ್ಚುವ ಮೊದಲು ಆ ಪೈಪನ್ನು ಮೇಲಿನಿಂದ ಎಳೆದು ತೆಗೆಯಬೇಕು, ಇಲ್ಲದಿದ್ದರೆ ಬಾಗುತ್ತದೆ. ಅದರ ಓ-ರಿಂಗು, ಅಂದ್ರೆ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆ, ಹಳೇ ಚಪ್ಪಲಿಯ ಅಟ್ಟೆಯ ಹಾಗೆ ಬಿರುಸಾಗಿತ್ತು, ಉಗುರು ಹಚ್ಚಿದರೆ ಪುಡಿ. ಕೆಲಸ ಅಲ್ಲಿಗೇ ಮುಗಿಸಬಹುದಿತ್ತು. ಆದರೆ ವಾಲ್ವನ್ನೂ ಒಮ್ಮೆ ನೋಡೋಣ ಅಂತ ಬೇವಿನ ಮರಕ್ಕೆ ಚೈನ್ ಪುಲ್ಲಿ ಕಟ್ಟಿ ಕವರ್ ಎತ್ತಿದೆವು. ಪಂಪು ಹೊರತೆಗೆದು, ವಾಲ್ವು ಡೀಸೆಲ್‌ನಲ್ಲಿ ತೊಳೆದು, ತನ್ನ ಭಾರಕ್ಕೆ ತಾನೇ ಜಾರುವಷ್ಟು ಸಾಫು ಮಾಡಿದೆವು. ಪಂಪಿನ ಪಿಸ್ಟನ್ನುಗಳಲ್ಲಿ ಗೀರೂ ಇರಲಿಲ್ಲ. ಆ ಪೇಟೆ ಮೆಕ್ಯಾನಿಕ್‌ಗೆ ತೋರಿಸಬೇಕು ಅಂತ ಫೋಟೋ ಹೊಡೆದಿಟ್ಟಿದ್ದೀನಿ, ಇನ್ನೂ ಕಳಿಸಿಲ್ಲ.

ವಾಪಸ್ ಕೂರಿಸುವಾಗ ಒಂದು ತಪ್ಪು ಮಾಡಿದೆವು. ಕವರಿನಿಂದ ಕೆಳಗಿಳಿಯುವ ಲಿವರು ಪಂಪಿನ ವಾಲ್ವಿನ ರೋಲರುಗಳ ನಡುವೆಯೇ ಕೂರಬೇಕು. ನಾವು ಅವಸರದಲ್ಲಿ ಆಚೆ ಕೂರಿಸಿ ಬೋಲ್ಟು ಬಿಗಿದೆವು. ಚಾಲೂ ಮಾಡಿದರೆ ಲಿವರ್ ಏನು ಮಾಡಿದರೂ ಲಿಫ್ಟು ಕೇಳುತ್ತಿಲ್ಲ. ಮತ್ತೆ ಎಲ್ಲ ಬಿಚ್ಚಾಟ. ಎರಡನೇ ಸಲ ಹುಡುಗ ಪಕ್ಕದ ಕಿಂಡಿಯಿಂದ ಉದ್ದ ಸ್ಕ್ರೂಡ್ರೈವರಿನಲ್ಲಿ ಲಿವರನ್ನು ತಳ್ಳಿ ಹಿಡಿದ, ನಾನು ಕವರನ್ನು ಎಳ್ಳಷ್ಟೆಳ್ಳಷ್ಟೇ ಇಳಿಸಿದೆ. ಹೊತ್ತು ಮುಳುಗಿದ ಮೇಲೆ ಕಲ್ಟಿವೇಟರ್ ಎತ್ತಿದರೆ ಹೂವು ಎತ್ತಿದಂಗೆ ಎತ್ತಿತು.

ಉಳಿದದ್ದು ನೀರಿನ ಲೆಕ್ಕ. ಕೇಜ್ ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಪಟ್ಟಿಗಳ ಗಾಲಿ) ಹಾಕಿ ಕೆಸರಿನಲ್ಲಿ ಓಡಿಸಿದ್ದರಿಂದ ಆಕ್ಸೆಲ್ ಸೀಲಿನಿಂದಲೇ ನೀರು ಒಳಗೆ ಹೋಗಿದೆ ಅಂತ ಎಲ್ಲರೂ ಅಂದರು. ಎರಡೂ ಕಡೆ ಸೀಲು ಬದಲಿಸಿದೆ. ನವೆಂಬರಿನಲ್ಲಿ ನೆಲ್ಲು ಕೊಯ್ಲಿನ ಹೊತ್ತಿಗೆ ಡಿಪ್‌ಸ್ಟಿಕ್ ಎಳೆದರೆ ಮತ್ತೆ ಬಿಳಿ ಛಾಯೆ. ಗದ್ದೆಯಲ್ಲಿ ಕೆಸರೇ ಇಲ್ಲ, ನೀರು ಎಲ್ಲಿಂದ? ಒಂದು ಆದಿತ್ಯವಾರ ಹುಡುಗ ಕಾಲುವೆಯ ಹತ್ತಿರ ಪಂಪ್‌ಸೆಟ್ಟಿನ ಪೈಪು ಹಿಡಿದು ಟ್ರ್ಯಾಕ್ಟರ್ ತೊಳೆಯುತ್ತಿದ್ದ. ಸೀಟಿನ ಮುಂದೆ ಗೇರ್ ಲಿವರಿನ ಬುಡಕ್ಕೆ ಸರಿಯಾಗಿ ಬಿಟ್ಟಿದ್ದ. ಹತ್ತಿರ ಹೋಗಿ ಬಗ್ಗಿ ನೋಡಿದರೆ ಲಿವರಿನ ಬುಡ ಮುಚ್ಚುವ ರಬ್ಬರ್ ಬೂಟು ಸುತ್ತಲೂ ಸೀಳಿತ್ತು. ಮೂರು ತಿಂಗಳ ಮಳೆ, ವಾರಕ್ಕೊಂದು ಸ್ನಾನ, ಎಲ್ಲ ನೇರ ಒಳಗೆ.

ಬೂಟು ಬದಲಿಸಿ, ಅದರ ಮೇಲೆ ಟ್ಯೂಬಿನ ತುಂಡೊಂದನ್ನು ಕ್ಲಿಪ್ಪಿನಿಂದ ಬಿಗಿದೆ. ಎಣ್ಣೆ ಇನ್ನೊಮ್ಮೆ ಬದಲಿಸಬೇಕಾಯಿತು. ಕಾಕಾಗೆ ಹೇಳಿದರೆ ನಕ್ಕು, "ಸೀಲು ಬದಲಿಸಿದ ರೊಕ್ಕ ನನಗ ಕೊಟ್ಟಿದ್ರ ಬೂಟು ನಾನೇ ತೋರಿಸ್ತಿದ್ದೆ" ಅಂದರು. ಈಗ ರಾತ್ರಿ ಎತ್ತಿ ಬಿಟ್ಟರೆ ಮುಂಜಾನೆಗೆ ನಾಲ್ಕು ಬೆರಳು ಇಳಿದಿರುತ್ತದೆ. ಇಳೀಲಿ ಅಂತ ಬಿಟ್ಟಿದ್ದೀನಿ.